ನಲವತ್ತೆರಡನೇ ದಿನ

ಈ ಅಂಕಣಕ್ಕೆ ಬರುವ ಪತ್ರಗಳಲ್ಲಿ ವರ್ಷಕ್ಕೆ ಹತ್ತಾದರೂ ಒಂದೇ ಪ್ರಶ್ನೆಯನ್ನು ಹೊತ್ತು ಬರುತ್ತವೆ. ಕೈಬರಹ ಬೇರೆ, ಊರು ಬೇರೆ, ಪ್ರಶ್ನೆ ಮಾತ್ರ ಅದೇ: ‘ಅವರಿಗೆ ಗೊತ್ತಾಗದ ಹಾಗೆ ಕುಡಿತ ಬಿಡಿಸುವ ಔಷಧಿ ಏನಾದರೂ ಇದೆಯಾ ಮೇಡಂ?’ ಬರೆಯುವವರು ಹೆಚ್ಚಾಗಿ ಹೆಂಡತಿಯರು, ಕೆಲವೊಮ್ಮೆ ತಾಯಂದಿರು. ಒಮ್ಮೆ ಒಂಬತ್ತನೇ ತರಗತಿಯ ಹುಡುಗಿಯೊಬ್ಬಳು ನೋಟ್‌ಬುಕ್ಕಿನ ಹಾಳೆ ಹರಿದು ಬರೆದಿದ್ದಳು. ಈ ಪ್ರಶ್ನೆ ಎಲ್ಲಿಂದ ಹುಟ್ಟುತ್ತದೆ ಎಂಬುದು ನಿಮಗೂ ಗೊತ್ತು. ಬಸ್ಸಿನ ಸೀಟಿನ ಹಿಂಬದಿ, ಕರೆಂಟ್ ಕಂಬದ ಮೇಲೆ, ಬಸ್‌ಸ್ಟ್ಯಾಂಡಿನ ಗೋಡೆಯಲ್ಲಿ ಅಂಟಿಸಿದ ಆ ಚೀಟಿ. ಕುಡಿಯುವವರಿಗೆ ತಿಳಿಯದಂತೆ ಕುಡಿತ ಬಿಡಿಸಿ. ಕೆಳಗೊಂದು ಮೊಬೈಲ್ ನಂಬರ್.

ನಮ್ಮ ಚಿಕ್ಕಮ್ಮ ಅಂಥದೊಂದು ನಂಬರಿಗೆ ಫೋನ್ ಮಾಡಿದ್ದರು. ವಿಪಿಪಿಯಲ್ಲಿ ಪಾರ್ಸೆಲ್ ಬಂತು. ಬೂದಿಬಣ್ಣದ ಪುಡಿ, ಪುಟ್ಟ ಪುಟ್ಟ ಪೊಟ್ಟಣ, ದಿನಕ್ಕೊಂದರಂತೆ ಊಟದಲ್ಲಿ ಬೆರೆಸಬೇಕು. ನಾಲ್ಕನೇ ದಿನ, ಲೈನ್‌ಮನ್ ಆಗಿದ್ದ ಚಿಕ್ಕಪ್ಪ ಎಂದಿನಂತೆ ಕ್ವಾರ್ಟರ್ ಮುಗಿಸಿ ಬಂದವರು ಜಗುಲಿ ಹತ್ತುವಷ್ಟರಲ್ಲಿ ಕುಸಿದರು. ಮುಖ ಕೆಂಡದ ಹಾಗೆ ಕೆಂಪು, ಎದೆ ಡವಡವ, ಒಂದೇ ಸಮನೆ ವಾಂತಿ. ಚಿಕ್ಕಮ್ಮ ಗಾಬರಿಯಲ್ಲಿ ‘ನಾನೇ ಕೊಂದೆ, ನಾನೇ ಕೊಂದೆ’ ಎಂದು ಅಳುತ್ತ ಎಲ್ಲವನ್ನೂ ಬಾಯಿಬಿಟ್ಟರು. ಚಿಕ್ಕಪ್ಪ ಬದುಕಿದರು. ಆದರೆ ಮುಂದೆ ಎರಡು ತಿಂಗಳು ಮನೆಯಲ್ಲಿ ತುತ್ತು ಅನ್ನ ಮುಟ್ಟಲಿಲ್ಲ. ನೀರು ಕೂಡ ಕೊಡಪಾನದಿಂದ ತಾವೇ ಬಗ್ಗಿಸಿಕೊಂಡು ಕುಡಿಯುತ್ತಿದ್ದರು. ಕುಡಿತ ಎಷ್ಟೋ ವರ್ಷದಿಂದ ಆ ಮನೆಯಲ್ಲಿ ಬಹಳಷ್ಟನ್ನು ಹಾಳು ಮಾಡಿತ್ತು. ಹೆಂಡತಿಯ ಕೈಯಡುಗೆಯ ಮೇಲಿನ ನಂಬಿಕೆಯೊಂದು ಉಳಿದಿತ್ತು. ಆ ಪುಡಿ ಅದನ್ನೂ ಮುಗಿಸಿತು.

ಆ ಪೊಟ್ಟಣದಲ್ಲಿ ಏನಿತ್ತೋ, ಇವತ್ತಿಗೂ ತಿಳಿಯದು. ಆದರೆ ಇದೇ ಪರಿಣಾಮದ ಮಾತ್ರೆಯೊಂದು ವೈದ್ಯರ ಬಳಿ ನಿಜಕ್ಕೂ ಇದೆ, ಹೆಸರು ಡೈಸಲ್ಫಿರಾಮ್. 1940ರ ದಶಕದಲ್ಲಿ ಡೆನ್ಮಾರ್ಕಿನ ಸಂಶೋಧಕರು ಇದರ ಗುಣ ಕಂಡುಕೊಂಡರು. ಕುಡಿದದ್ದನ್ನು ನಮ್ಮ ಯಕೃತ್ತು ಎರಡು ಹಂತದಲ್ಲಿ ಕರಗಿಸುತ್ತದೆ. ಮೊದಲು ಅದು ಅಸಿಟಾಲ್ಡಿಹೈಡ್ ಎಂಬ ವಿಷವಾಗುತ್ತದೆ, ಆಮೇಲೆ ಆ ವಿಷ ನಿರಪಾಯದ ವಸ್ತುವಾಗುತ್ತದೆ. ಈ ಮಾತ್ರೆ ಎರಡನೇ ಹಂತಕ್ಕೆ ಅಡ್ಡ ನಿಲ್ಲುತ್ತದೆ. ವಿಷ ಒಳಗೇ ತುಂಬಿಕೊಳ್ಳುತ್ತದೆ, ಕುಡಿದವನು ಒದ್ದಾಡುತ್ತಾನೆ. ಹೃದಯ ದುರ್ಬಲವಾಗಿದ್ದರೆ ಪ್ರಾಣವೇ ಹೋಗಬಹುದು. ಅದಕ್ಕೇ ವೈದ್ಯರು ಇದನ್ನು ಕುಡಿಯುವವನಿಗೆ ತಿಳಿಸಿ, ಅವನ ಒಪ್ಪಿಗೆ ಪಡೆದು ಮಾತ್ರ ಕೊಡುತ್ತಾರೆ. ಇದು ಕುಡಿಯುವ ಆಸೆಯನ್ನು ಕಳೆಯುವ ಮದ್ದಲ್ಲ, ಬೇಡವೆಂದು ತೀರ್ಮಾನಿಸಿದವನು ತನಗೆ ತಾನೇ ಹಾಕಿಕೊಳ್ಳುವ ಬೇಲಿ. ಬೇಲಿ ಎಲ್ಲಿದೆ ಎಂದು ಗೊತ್ತಿಲ್ಲದವನು ಅದರ ಮೇಲೇ ಬೀಳುತ್ತಾನೆ. ಹಾಗಾಗಿ ಪತ್ರ ಬರೆಯುವವರಿಗೆಲ್ಲ ನನ್ನ ಉತ್ತರ ಒಂದೇ. ಗೊತ್ತಾಗದ ಹಾಗೆ ಬಿಡಿಸುವ ಔಷಧಿ ಇಲ್ಲ.

ಇದಕ್ಕಿಂತ ನನ್ನನ್ನು ಹೆಚ್ಚು ಕಾಡಿದ ಪ್ರಶ್ನೆ ಇನ್ನೊಂದಿದೆ. ಇದೇ ಚಿಕ್ಕಪ್ಪ ಪ್ರತಿವರ್ಷ ತಪ್ಪದೆ ಅಯ್ಯಪ್ಪನ ಮಾಲೆ ಹಾಕುತ್ತಿದ್ದರು. ಮಾಲೆ ಹಾಕಿದ ದಿನದಿಂದ ಶಬರಿಮಲೆಗೆ ಹೋಗಿ ಬರುವವರೆಗೆ, ನಲವತ್ತೊಂದು ದಿನ, ಒಂದು ತೊಟ್ಟು ಮುಟ್ಟುತ್ತಿರಲಿಲ್ಲ. ಬೀಡಿ ಕೂಡ ಇಲ್ಲ. ನಲವತ್ತೆರಡನೇ ದಿನ ಬೆಳಿಗ್ಗೆ ಮಾಲೆ ತೆಗೆದು ದೇವರ ಪಟಕ್ಕೆ ಹಾಕುವರು, ಸಂಜೆ ಆರೂವರೆಗೆ ಬಾರಿನಲ್ಲಿ ಇರುವರು. ಊರಿನವರಿಗೆ ಇದು ತಮಾಷೆ. ಚಿಕ್ಕಮ್ಮನಿಗೆ ಅವಮಾನ. ‘ದೇವರಿಗೋಸ್ಕರ ಬಿಡೋಕಾಗುತ್ತೆ, ಹೆಂಡ್ತಿ ಮಕ್ಕಳಿಗೋಸ್ಕರ ಆಗಲ್ಲ ಅಂದ್ರೆ ನಾವು ಅಷ್ಟು ಕಡೆಯಾದ್ವಾ ಹೇಳು’ ಎಂದು ನನ್ನ ಹತ್ತಿರ ಎಷ್ಟು ಸಲ ಕೇಳಿದ್ದಾರೋ. ಕುಡಿತ ಬರೀ ಮನೋಬಲದ ಪ್ರಶ್ನೆ ಎನ್ನುವವರಿಗೆ ಈ ನಲವತ್ತೊಂದು ದಿನಗಳೇ ಸಾಕ್ಷಿಯಾಗಿ ಕಾಣುತ್ತವೆ. ಮನಸ್ಸು ಮಾಡಿದರೆ ಬಿಡಬಹುದು, ಮನಸ್ಸು ಮಾಡುತ್ತಿಲ್ಲ, ಅಷ್ಟೇ!

ನಾನೂ ಹಾಗೇ ತಿಳಿದಿದ್ದೆ. ಆಮೇಲೆ ಒಂದು ವರ್ಷ ಅವರ ದಿನಚರಿಯನ್ನು ಸುಮ್ಮನೆ ಗಮನಿಸಿದೆ. ಬೆಳಗಿನ ಜಾವ ತಣ್ಣೀರ ಸ್ನಾನ, ಪೂಜೆ. ಹೊತ್ತಿಗೆ ಸರಿಯಾಗಿ ಸಾತ್ವಿಕ ಊಟ. ಸಂಜೆ ಮತ್ತೆ ಸ್ನಾನ, ಸರಿಯಾಗಿ ಆರೂವರೆಗೆ ಭಜನೆ. ಸುತ್ತ ಇಪ್ಪತ್ತು ಮಂದಿ, ಎಲ್ಲರೂ ಕಪ್ಪು ಬಟ್ಟೆ, ಎಲ್ಲರೂ ಅದೇ ವ್ರತದಲ್ಲಿರುವವರು. ಎಲ್ಲಕ್ಕಿಂತ ದೊಡ್ಡದು ಹೆಸರು. ಮಾಲೆ ಹಾಕಿದವನನ್ನು ಯಾರೂ ಹೆಸರು ಹಿಡಿದು ಕರೆಯುವುದಿಲ್ಲ. ಉಳಿದ ದಿನ ‘ಲೇ ಕುಡುಕ’ ಎನ್ನುತ್ತಿದ್ದ ಪಕ್ಕದ ಮನೆಯವನೂ ‘ಸ್ವಾಮಿ’. ಕಂಬ ಹತ್ತಿಸಿ ಬೈಯುತ್ತಿದ್ದ ಸೆಕ್ಷನ್ ಆಫೀಸರೂ ‘ಸ್ವಾಮಿ, ಲೈನ್ ನೋಡಿ ಬನ್ನಿ ಸ್ವಾಮಿ’. ಸ್ವಂತ ಮಗಳೂ ‘ಸ್ವಾಮಿ, ಊಟಕ್ಕೆ ಬನ್ನಿ’. ದೇಹಕ್ಕೊಂದು ಶಿಸ್ತು, ಸಂಜೆಗೊಂದು ಕೆಲಸ, ಜೊತೆಗೊಂದು ಗುಂಪು, ತನಗೊಂದು ಮರ್ಯಾದೆ. ನಲವತ್ತೆರಡನೇ ದಿನ ಈ ನಾಲ್ಕೂ ಒಟ್ಟಿಗೆ ಕಳಚಿಹೋಗುತ್ತಿದ್ದವು. ಬಾರು ಮಾತ್ರ ಇದ್ದಲ್ಲೇ ಇರುತ್ತಿತ್ತು.

‘ಹೋಲಿಸ್ಟಿಕ್’ ಎಂಬ ಮಾತನ್ನು ಈಗ ಶಾಂಪೂ ಬಾಟಲಿಯ ಮೇಲೂ ರೆಸಾರ್ಟಿನ ಬೋರ್ಡಿನ ಮೇಲೂ ಬರೆಯುತ್ತಾರೆ. ಕೇಳಿದರೆ ಮೈ ಉರಿಯುತ್ತದೆ. ಆದರೆ ಆ ಮಾತಿಗೆ ಏನಾದರೂ ಅರ್ಥ ಇದ್ದರೆ, ನನ್ನ ಮಟ್ಟಿಗೆ ಅದು ಇಷ್ಟೇ: ನಲವತ್ತೊಂದು ದಿನ ಇದ್ದದ್ದನ್ನು ನಲವತ್ತೆರಡನೇ ದಿನಕ್ಕೂ ಒದಗಿಸುವುದು.

ಅದಕ್ಕೆ ಮೊದಲು ದೇಹದ ಮಾತು. ‘ಭಾವನಾತ್ಮಕ ಚಿಕಿತ್ಸೆ’ಯ ಬಗ್ಗೆ ಮಾತಾಡುವವರು ಇದನ್ನು ಹಾರಿಸಿಬಿಡುತ್ತಾರೆ, ಅಪಾಯ ಇರುವುದೇ ಅಲ್ಲಿ. ಪುಡಿಯ ಪ್ರಕರಣವಾದ ವರ್ಷ ಚಿಕ್ಕಪ್ಪನ ಕುಡಿತ ಬೆಳಿಗ್ಗೆ ಎದ್ದ ಕೂಡಲೇ ಒಂದು ನೈಂಟಿ ಬೇಕು ಎನ್ನುವ ಹಂತಕ್ಕೆ ಹೋಗಿತ್ತು. ಇಲ್ಲದಿದ್ದರೆ ಕೈ ನಡುಗಿ ಇಕ್ಕಳ ಹಿಡಿಯಲಾಗುತ್ತಿರಲಿಲ್ಲ. ಆ ಸ್ಥಿತಿಯಲ್ಲೇ ಮಾಲೆ ಹಾಕಿದರು. ಮೂರನೇ ರಾತ್ರಿ ಗೋಡೆ ತುಂಬ ಇರುವೆ ಹರಿಯುತ್ತಿವೆ ಎಂದು ಕೈಯಿಂದ ಒರೆಸತೊಡಗಿದರು. ಯಾರೂ ಇಲ್ಲದ ಬಾಗಿಲ ಕಡೆ ನೋಡಿ ಮಾತಾಡಿದರು, ಮೈಯೆಲ್ಲ ಬೆವರು. ಒಬ್ಬರು ‘ಸ್ವಾಮಿ ಮೈಮೇಲೆ ಬಂದಿದೆ’ ಎಂದರು, ಇನ್ನೊಬ್ಬರು ‘ಗಾಳಿ ಸೋಕಿದೆ’ ಎಂದರು. ತಾಯತ ಕಟ್ಟಿಸಲು ಹೊರಟವರನ್ನು ತಡೆದು ಆಸ್ಪತ್ರೆಗೆ ಕರೆದೊಯ್ದದ್ದು ಪಕ್ಕದ ಮನೆಯ ನರ್ಸಮ್ಮ. ಅದು ಕುಡಿತ ನಿಂತಾಗ ಬರುವ ಸನ್ನಿ. ಬಹಳ ಕಾಲ ಅತಿಯಾಗಿ ಕುಡಿದವರು ಏಕಾಏಕಿ ನಿಲ್ಲಿಸಿದರೆ ಮೊದಲ ಎರಡು ದಿನದೊಳಗೆ ಫಿಟ್ಸ್ ಬರಬಹುದು, ಎರಡರಿಂದ ನಾಲ್ಕನೇ ದಿನದೊಳಗೆ ಈ ಸನ್ನಿ ಬರಬಹುದು. ಚಿಕಿತ್ಸೆ ಸಿಗದಿದ್ದರೆ ಜೀವ ಹೋಗುವುದೂ ಉಂಟು.

ಯಾಕೆ ಹೀಗೆ ಎಂದು ಆಸ್ಪತ್ರೆಯಲ್ಲಿ ವೈದ್ಯರು ಹೇಳಿದ್ದನ್ನು ಚಿಕ್ಕಪ್ಪ ಆಮೇಲೆ ತಮ್ಮ ಭಾಷೆಗೆ ತಿರುಗಿಸಿಕೊಂಡರು. ಊರಿನ ಪಂಪ್‌ಸೆಟ್ಟುಗಳೆಲ್ಲ ಓಡುತ್ತಿರುವಾಗ ಮನೆಯ ಬಲ್ಬು ಮಂಕಾಗಿರುತ್ತದೆ. ಮಳೆ ಬಂದು ಎಲ್ಲರೂ ಒಟ್ಟಿಗೆ ಪಂಪು ನಿಲ್ಲಿಸಿದರೆ ವೋಲ್ಟೇಜ್ ಏರಿ ಬಲ್ಬು ಝಗ್ಗನೆ ಉರಿದು ಢಬ್ಬೆನ್ನುತ್ತದೆ. ಮಿದುಳಿನಲ್ಲೂ ಅದೇ. ಮದ್ಯ ಮಿದುಳನ್ನು ಮಂಕು ಮಾಡುತ್ತದೆ. ಆ ಭಾರವನ್ನು ತಾಳಿಕೊಂಡು ಕೆಲಸ ಮಾಡಲು ಮಿದುಳು ವರ್ಷಗಟ್ಟಲೆ ತನ್ನ ಓಟವನ್ನು ಹೆಚ್ಚಿಸಿಕೊಂಡಿರುತ್ತದೆ. ಭಾರವನ್ನು ಒಮ್ಮೆಲೇ ತೆಗೆದರೆ ಆ ಓಟಕ್ಕೆ ತಡೆಯಿಲ್ಲ. ‘ಲೋಡ್ ತೆಗೆಯೋದಾದ್ರೆ ಸ್ವಲ್ಪ ಸ್ವಲ್ಪ ತೆಗೀಬೇಕು, ಫ್ಯೂಸ್ ಹತ್ರ ಒಬ್ಬ ನಿಂತಿರ್ಬೇಕು’ ಎನ್ನುತ್ತಿದ್ದರು. ಆ ಫ್ಯೂಸಿನ ಹತ್ತಿರ ನಿಲ್ಲುವವರು ವೈದ್ಯರು. ಮಿದುಳಿನ ಓಟವನ್ನು ಮೆಲ್ಲಗೆ ಇಳಿಸುವ ಮಾತ್ರೆಗಳು ಅವರ ಬಳಿ ಇವೆ. ಜೊತೆಗೆ ಥಯಾಮಿನ್ ಎಂಬ ಬಿ1 ಜೀವಸತ್ವ ಕೊಡುತ್ತಾರೆ, ಕುಡಿಯುವವರಲ್ಲಿ ಅದರ ಕೊರತೆ ನೆನಪಿನ ಶಕ್ತಿಯನ್ನೇ ಕಾಯಂ ಆಗಿ ತಿಂದುಹಾಕಬಲ್ಲದು. ಆಸೆಯನ್ನು ತಗ್ಗಿಸುವ ಮಾತ್ರೆಗಳೂ ಈಗ ಇವೆ. ಬೆಳಿಗ್ಗೆ ಕೈ ನಡುಗುವವರು ಯಾವ ಹರಕೆಯನ್ನೂ ಯಾವ ಯೋಗವನ್ನೂ ಆಸ್ಪತ್ರೆಯ ಮೆಟ್ಟಿಲು ಹತ್ತದೆ ಶುರು ಮಾಡಬಾರದು. ಈ ಒಂದು ವಿಷಯದಲ್ಲಿ ನಾನು ಹಟಮಾರಿ.

ಆಸ್ಪತ್ರೆಯಲ್ಲಿ ಹತ್ತು ದಿನದ ಮೇಲೆ ಆಪ್ತಸಮಾಲೋಚಕ ಹುಡುಗನೊಬ್ಬ ಬಂದು ಕೂತ. ‘ಯಾಕೆ ಕುಡಿಯೋಕೆ ಶುರು ಮಾಡಿದ್ರಿ? ಮನಸ್ಸಿನಲ್ಲಿ ಏನು ನೋವಿದೆ?’ ಎಂದು ಕೇಳಿದ. ಹುಡುಗನ ಪ್ರಶ್ನೆಗೆ ಆಧಾರ ಇತ್ತು. 1998ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಅಮೆರಿಕದ ವಿನ್ಸೆಂಟ್ ಫೆಲಿಟ್ಟಿ, ರಾಬರ್ಟ್ ಆಂಡಾ ಮತ್ತು ಸಂಗಡಿಗರು 9,000ಕ್ಕೂ ಹೆಚ್ಚು ಜನರ ಬಾಲ್ಯವನ್ನು ಕೆದಕಿ ನೋಡಿದ್ದರು. ಹೊಡೆತ, ಲೈಂಗಿಕ ದೌರ್ಜನ್ಯ, ಮನೆಯಲ್ಲೊಬ್ಬ ಕುಡುಕ, ಜೈಲು ಸೇರಿದವರು, ಹೀಗೆ ಬಾಲ್ಯದ ಸಂಕಟಗಳಲ್ಲಿ ನಾಲ್ಕು ಅಥವಾ ಹೆಚ್ಚು ಬಗೆಯವನ್ನು ಅನುಭವಿಸಿದವರು ದೊಡ್ಡವರಾದ ಮೇಲೆ ಕುಡಿತ, ಮಾದಕವಸ್ತು, ಖಿನ್ನತೆ, ಆತ್ಮಹತ್ಯೆಯ ಯತ್ನಗಳಿಗೆ ಬೀಳುವ ಅಪಾಯ, ಏನೂ ಅನುಭವಿಸದವರಿಗಿಂತ ನಾಲ್ಕರಿಂದ ಹನ್ನೆರಡು ಪಟ್ಟು ಹೆಚ್ಚು ಎಂದು ಕಂಡಿತು. ಎಷ್ಟೋ ಜನರ ಬಾಟಲಿಯ ತಳದಲ್ಲಿ ಹಳೆಯ ಗಾಯ ಇರುವುದು ಸುಳ್ಳಲ್ಲ.

ಆದರೆ ಚಿಕ್ಕಪ್ಪ ತಲೆ ಕೆರೆದುಕೊಂಡು ಬಹಳ ಹೊತ್ತು ಯೋಚಿಸಿ ಹೇಳಿದ್ದು, ‘ಕಾರಣ ಏನೂ ಇರ್ಲಿಲ್ಲ ಸಾರ್. ಸಂಜೆ ಇತ್ತು.’

ಈ ಉತ್ತರ ಈಗಲೂ ನನ್ನ ಜೊತೆಗಿದೆ. ಕೆಲಸ ಮುಗಿದ ಆರೂವರೆ ಗಂಟೆ, ಮನೆಯಲ್ಲಿ ಮಾತಿಲ್ಲ, ಮೈ ನೋವು, ಜೊತೆಯವರೆಲ್ಲ ಹೋಗುತ್ತಾರೆ. ಅಷ್ಟೇ. ಎಲ್ಲ ಕುಡಿತಕ್ಕೂ ಒಂದು ದುರಂತ ಕಥೆ ಹುಡುಕುವ ನಮ್ಮ ಸಿನಿಮಾ ಬುದ್ಧಿ ಇಲ್ಲಿ ಕೆಲಸಕ್ಕೆ ಬರುವುದಿಲ್ಲ. ಗಾಯ ಮೊದಲು ಇರದಿದ್ದರೂ ಹದಿನೈದು ವರ್ಷ ಕುಡಿದ ಮೇಲೆ ಖಂಡಿತ ಇರುತ್ತದೆ. ಅದರ ಹೆಸರು ನಾಚಿಕೆ. ಮಗಳ ಶಾಲೆಯ ಸಭೆಗೆ ಹೋಗಿ ಬಾಗಿಲಲ್ಲೇ ವಾಪಸಾದದ್ದು, ತಮ್ಮನ ಗೃಹಪ್ರವೇಶದಲ್ಲಿ ಎಲೆ ಮುಂದೆ ಬಿದ್ದದ್ದು, ಇವನ್ನು ಮರೆಯಲು ಇರುವ ಒಂದೇ ದಾರಿ ಇವನ್ನು ತಂದಿಟ್ಟ ಬಾಟಲಿಯೇ. ಬೈಗುಳ ಕೆಲಸ ಮಾಡದಿರುವುದು ಅದಕ್ಕೇ. ಬೈದಷ್ಟೂ ನಾಚಿಕೆ ಹೆಚ್ಚುತ್ತದೆ, ನಾಚಿಕೆ ಹೆಚ್ಚಿದಷ್ಟೂ ಬಾಯಾರಿಕೆ.

ಈ ಸತ್ಯವನ್ನು ಇಳಕಲ್ಲಿನ ಮಹಾಂತ ಸ್ವಾಮೀಜಿ ಯಾವ ಮನಃಶಾಸ್ತ್ರದ ಪುಸ್ತಕದ ಹಂಗಿಲ್ಲದೆ ಕಂಡುಕೊಂಡಿದ್ದರು ಎನಿಸುತ್ತದೆ. ಚಿತ್ತರಗಿ-ಇಳಕಲ್ ಮಠದ ಆ ಸ್ವಾಮೀಜಿ 1970ರ ದಶಕದಿಂದ ಜೋಳಿಗೆ ಹಿಡಿದು ಊರೂರು ತಿರುಗಿದರು. ಕೇಳಿದ್ದು ಜೋಳವಲ್ಲ, ದುಡ್ಡಲ್ಲ. ‘ನಿಮ್ಮ ದುಶ್ಚಟ ನನ್ನ ಜೋಳಿಗೆಗೆ ಹಾಕಿ’ ಎಂದು. ಜನ ಬೀಡಿ ಕಟ್ಟು, ಗುಟ್ಕಾ ಚೀಟಿ, ಸಾರಾಯಿ ಪಾಕೀಟು ತಂದು ಹಾಕಿದರು. ‘ಮಹಾಂತ ಜೋಳಿಗೆ’ ಎಂದೇ ಅದು ಹೆಸರಾಯಿತು. ಸ್ವಾಮೀಜಿ 2018ರಲ್ಲಿ ತೀರಿಕೊಂಡರು. ಅವರ ಹುಟ್ಟಿದ ದಿನವಾದ ಆಗಸ್ಟ್ 1ನ್ನು ಈಗ ರಾಜ್ಯ ಸರ್ಕಾರ ವ್ಯಸನಮುಕ್ತ ದಿನವಾಗಿ ಆಚರಿಸುತ್ತದೆ. ಆ ಜೋಳಿಗೆಯ ಜಾಣ್ಮೆ ನೋಡಿ. ಊರೆಲ್ಲ ‘ಬಿಡು, ಬಿಡು’ ಎಂದು ಜಬರಿಸುವಾಗ ಇಲ್ಲೊಬ್ಬರು ಮಠಾಧೀಶರು ಮನೆ ಬಾಗಿಲಿಗೆ ಬಂದು ‘ಕೊಡು’ ಎಂದು ಬೇಡುತ್ತಾರೆ. ಯಾರ ಕಣ್ಣಿಗೂ ಬೇಡವಾದವನು ಒಂದು ಕ್ಷಣಕ್ಕೆ ದಾನಿಯಾಗುತ್ತಾನೆ.

ಆದರೆ ಆ ಕ್ಷಣದ ಮರುದಿನ? ಧರ್ಮಸ್ಥಳದ ಗ್ರಾಮಾಭಿವೃದ್ಧಿ ಯೋಜನೆ ಮತ್ತು ಜನಜಾಗೃತಿ ವೇದಿಕೆ ಊರೂರಲ್ಲಿ ನಡೆಸುವ ಎಂಟು ದಿನದ ಮದ್ಯವರ್ಜನ ಶಿಬಿರಗಳನ್ನು ನೀವು ಕಂಡಿರಬಹುದು. ವ್ಯಾಯಾಮ, ಭಜನೆ, ಮನೆಯವರೊಂದಿಗೆ ಕೂರಿಸಿ ಮಾತು, ಕೊನೆಗೆ ಸಂಕಲ್ಪ. ಪತ್ರಿಕೆಗಳಲ್ಲಿ ಚಿತ್ರ ಬರುವುದು ಈ ಎಂಟು ದಿನಗಳದ್ದು. ನನಗೆ ಮುಖ್ಯ ಎನಿಸುವುದು ಚಿತ್ರ ಬಾರದ ಭಾಗ: ಶಿಬಿರ ಮುಗಿಸಿದವರು ಊರಲ್ಲೇ ಕಟ್ಟಿಕೊಳ್ಳುವ ನವಜೀವನ ಸಮಿತಿ. ಎಂಟು ದಿನ ಬಿಟ್ಟವರು ಒಂಬತ್ತನೇ ದಿನ ಪರಸ್ಪರ ಮುಖ ನೋಡಿಕೊಳ್ಳುವ ಜಾಗ ಅದು. ಆಣೆ ಮಾಡಿಸುವುದು ಸುಲಭ, ಆಣೆಯ ಮರುದಿನಕ್ಕೆ ಜೊತೆ ಕೊಡುವುದು ಕಷ್ಟ.

ಚಿಕ್ಕಪ್ಪನಿಗೆ ಆ ಜೊತೆ ಸಿಕ್ಕಿದ್ದು ಬೇರೆ ಕಡೆ. ಸಮಾಲೋಚಕ ಹುಡುಗ ಕೊಟ್ಟ ಚೀಟಿಯಲ್ಲಿ ಒಂದು ವಿಳಾಸ ಇತ್ತು: ಪಕ್ಕದ ಊರಿನ ಚರ್ಚಿನ ಹಿಂದಿನ ಕೊಠಡಿ, ಸೋಮವಾರ, ಸಂಜೆ ಆರೂವರೆ. ಆಲ್ಕೊಹಾಲಿಕ್ಸ್ ಅನಾನಿಮಸ್ ಸಭೆ. 1935ರಲ್ಲಿ ಅಮೆರಿಕದ ಆಕ್ರನ್ ಎಂಬ ಊರಲ್ಲಿ ಇದು ಹುಟ್ಟಿದ ಬಗೆ ಸೊಗಸಾಗಿದೆ. ವ್ಯವಹಾರಕ್ಕೆಂದು ಬಂದು ಕೈ ಸುಟ್ಟುಕೊಂಡ ಬಿಲ್ ಎಂಬ ಶೇರು ದಲ್ಲಾಳಿ ಹೋಟೆಲಿನಲ್ಲಿ ನಿಂತಿದ್ದ. ಕುಡಿತ ಬಿಟ್ಟು ಕೆಲವೇ ತಿಂಗಳಾಗಿತ್ತು. ಒಂದು ಕಡೆ ಬಾರು, ಇನ್ನೊಂದು ಕಡೆ ಫೋನು. ಫೋನ್ ಎತ್ತಿ, ಊರಲ್ಲಿ ಕುಡಿತದಿಂದ ನರಳುವವರು ಯಾರಾದರೂ ಇದ್ದಾರಾ ಎಂದು ವಿಚಾರಿಸಿದ. ಸಿಕ್ಕಿದ್ದು ಬಾಬ್ ಎಂಬ ಶಸ್ತ್ರವೈದ್ಯ. ಗಂಟೆಗಟ್ಟಲೆ ಮಾತಾಡಿದರು. ಬಿಲ್ ಅಲ್ಲಿ ಬುದ್ಧಿ ಹೇಳಲಿಲ್ಲ, ತನ್ನ ಕಥೆ ಹೇಳಿಕೊಂಡ, ಅದರಿಂದ ಅವನೇ ಆ ದಿನ ಉಳಿದ. ಇಂಥ ಸಭೆಗಳು ಕೆಲಸ ಮಾಡುತ್ತವೆಯೇ ಎಂದು 2020ರಲ್ಲಿ ಕೊಕ್ರೇನ್ ಸಂಸ್ಥೆ 27 ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿತು. ಪೂರ್ತಿ ಬಿಟ್ಟು ಉಳಿಯುವ ವಿಷಯದಲ್ಲಿ ಈ ದಾರಿ ಇತರ ಮನೋಚಿಕಿತ್ಸೆಗಳಿಗೆ ಸಮ, ಕೆಲವೆಡೆ ಮೇಲು ಎಂದು ಕಂಡಿತು.

ಸಭೆಯ ದೇವರ ಮಾತು ಎಲ್ಲರಿಗೂ ಒಗ್ಗದು, ನನಗೂ ಅಷ್ಟಕ್ಕಷ್ಟೇ. ಚಿಕ್ಕಪ್ಪನನ್ನು ಕೇಳಿದಾಗ ನಕ್ಕರು. ‘ಕಾಣದ ದೊಡ್ಡ ಶಕ್ತಿ ಇದೆ ಅಂತ ಲೈನ್‌ಮನ್‌ಗೆ ಯಾರಾದ್ರೂ ಹೇಳಿಕೊಡ್ಬೇಕೇನೇ? ಎರಡು ಸಲ ಮುಟ್ಟಿ ನೋಡಿದೀನಿ.’ ಅವರನ್ನು ಹಿಡಿದು ನಿಲ್ಲಿಸಿದ್ದು ತತ್ವವಲ್ಲ, ಕುರ್ಚಿ. ಹೊಸದಾಗಿ ಬಂದವರಿಗೆ ಸಭೆಗೆ ಮುಂಚೆ ಬಂದು ಕುರ್ಚಿ ಹಾಕುವ, ಮುಗಿದ ಮೇಲೆ ಮಡಚಿಡುವ ಕೆಲಸ ವಹಿಸಿದ್ದರು. ಹದಿನೈದು ವರ್ಷದಲ್ಲಿ ಯಾರೂ ಅವರನ್ನು ನಂಬಿ ಬೀಗದ ಕೈ ಕೊಟ್ಟಿರಲಿಲ್ಲ. ಇಲ್ಲಿ ಮೂರನೇ ವಾರಕ್ಕೇ ಕೊಠಡಿಯ ಬೀಗದ ಕೈ ಅವರ ಜೇಬಿನಲ್ಲಿ.

ಉಳಿದ ಆರು ಸಂಜೆಗಳಿಗೆ ಗುಂಪಿನ ಹಿರಿಯರು ಸಣ್ಣ ಸಣ್ಣ ಉಪಾಯ ಹೇಳಿಕೊಟ್ಟರು. ಆಸೆ ಬಂದಾಗ ಮೊದಲು ನಾಲ್ಕು ನೋಡಿಕೋ: ಹಸಿವೇ, ಸಿಟ್ಟೇ, ಒಂಟಿತನವೇ, ದಣಿವೇ? ಇವುಗಳಲ್ಲಿ ಒಂದಂತೂ ಇದ್ದೇ ಇರುತ್ತದೆ. ಚಿಕ್ಕಪ್ಪನ ಜೇಬಿನಲ್ಲಿ ಸದಾ ಕೊಬ್ಬರಿ, ಬೆಲ್ಲ. ಆಸೆ ಎಂಬುದು ಅಲೆ. ಏರುತ್ತದೆ, ತುದಿ ಮುಟ್ಟುತ್ತದೆ, ಸಾಮಾನ್ಯವಾಗಿ ಇಪ್ಪತ್ತು ಮೂವತ್ತು ನಿಮಿಷದಲ್ಲಿ ಇಳಿಯುತ್ತದೆ. ಅಲೆಯ ಎದುರು ಈಜಬೇಡ, ಮೇಲೆ ತೇಲುತ್ತ ಇರು ಎನ್ನುವ ಈ ಅಭ್ಯಾಸವನ್ನು ಅಮೆರಿಕದ ಮನಃಶಾಸ್ತ್ರಜ್ಞ ಅಲನ್ ಮಾರ್ಲಟ್ ಧ್ಯಾನದ ಜೊತೆ ಬೆಸೆದು ಚಿಕಿತ್ಸೆಯಾಗಿ ರೂಪಿಸಿದರು. ಉಸಿರಾಟದ ಯೋಗದ ಬಗ್ಗೆಯೂ ಕೇಳುತ್ತೀರಿ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಕುಡಿತದ ಚಟವಿದ್ದ 60 ಮಂದಿಯ ಮೇಲೆ ನಡೆದು 2006ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಎರಡು ವಾರ ಸುದರ್ಶನ ಕ್ರಿಯೆ ಮಾಡಿದವರ ಖಿನ್ನತೆ ಮಾಡದವರಿಗಿಂತ ಹೆಚ್ಚು ಇಳಿದಿತ್ತು. ಒಳ್ಳೆಯದೇ. ಆದರೆ ಕ್ರಮ ಗಮನಿಸಿ: ಮೊದಲು ಒಂದು ವಾರ ಆಸ್ಪತ್ರೆಯಲ್ಲಿ ನಶೆ ಇಳಿಸುವ ಚಿಕಿತ್ಸೆ, ಆಮೇಲೆ ಉಸಿರು. ಮತ್ತು ಅವರು ಅಳೆದದ್ದು ಮನಸ್ಸಿನ ಭಾರವನ್ನು. ಕುಡಿತ ಬಿಟ್ಟುಹೋಯಿತು ಎಂದು ಯಾರೂ ಅಲ್ಲಿ ಹೇಳಿಲ್ಲ.

ಇಷ್ಟು ಹೊತ್ತೂ ಚಿಕ್ಕಪ್ಪನ ಮಾತೇ ಆಯಿತು. ಲೋಕ ಮಾಡುವುದೂ ಇದನ್ನೇ. ಚಿಕ್ಕಮ್ಮನಿಗೆ ಗೇಟಿನ ಚಿಲಕದ ಸದ್ದಿನಲ್ಲೇ ಇವತ್ತು ಎಷ್ಟು ಹಾಕಿದ್ದಾರೆ ಎಂದು ಗೊತ್ತಾಗುತ್ತಿತ್ತು. ಒಂದೇ ಏಟಿಗೆ ತೆಗೆದರೆ ಕ್ವಾರ್ಟರ್, ಮೂರು ಸಲ ತಡಕಾಡಿದರೆ ಮಕ್ಕಳನ್ನು ಹಿತ್ತಲಿಗೆ ಕಳಿಸಬೇಕು. ಚಿಕ್ಕಪ್ಪ ಬಿಟ್ಟು ವರ್ಷವಾದ ಮೇಲೂ ಆರೂವರೆಗೆ ಚಿಕ್ಕಮ್ಮನ ಕಿವಿ ಗೇಟಿನಲ್ಲೇ ಇರುತ್ತಿತ್ತು. ವಿಚಿತ್ರವೆಂದರೆ, ಚಿಕ್ಕಪ್ಪ ಕುಡಿಯುತ್ತಿದ್ದಾಗ ಗಟ್ಟಿಯಾಗಿದ್ದ ಹೆಂಗಸು ಅವರು ಬಿಟ್ಟ ಮೇಲೆ ಸಿಡುಕತೊಡಗಿದರು. ‘ಈಗ ಸಂಬಳದ ಲೆಕ್ಕ ಕೇಳ್ತಾರೆ ಕಣೇ. ಹದಿನೈದು ವರ್ಷ ನಾನು ಹೆಂಗೆ ನಡೆಸಿದೆ ಅಂತ ಒಂದು ದಿನ ಕೇಳಿದ್ರಾ? ಎಲ್ರೂ ಬಂದು ಅವ್ರನ್ನ ಹೊಗಳ್ತಾರೆ. ಕುಡಿಯದೇ ಇದ್ದದ್ದಕ್ಕೆ ನನಗೆ ಯಾರೂ ಹಾರ ಹಾಕ್ಲಿಲ್ಲ.’ ಈ ಸಿಟ್ಟು ನ್ಯಾಯವಾದದ್ದು, ಮತ್ತು ಇದು ಎಷ್ಟೋ ಮನೆಗಳಲ್ಲಿ ಬರುತ್ತದೆ. ಅಪಾಯ ಮುಗಿದಿದೆ ಎಂದು ಮೈಗೆ ಖಾತ್ರಿಯಾದ ಮೇಲೇ ನೋವು ಹೊರಬರುವುದು. ಬಿಲ್‌ನ ಹೆಂಡತಿ ಲೋಯಿಸ್ ಕುಡುಕರ ಮನೆಯವರಿಗಾಗಿಯೇ 1951ರಲ್ಲಿ ಅಲ್-ಅನಾನ್ ಎಂಬ ಕೂಟವನ್ನು ಕಟ್ಟಿದ್ದು ಇಂಥ ಸಿಟ್ಟಿನಿಂದಲೇ. ಚಿಕ್ಕಮ್ಮ ಕೂಟಕ್ಕೇನೂ ಹೋಗಲಿಲ್ಲ. ನರ್ಸಮ್ಮನ ಜೊತೆ ಸಂಜೆ ವಾಕಿಂಗ್ ಶುರು ಮಾಡಿದರು, ಆರು ಕಾಲಿಗೆ ಮನೆ ಬಿಟ್ಟರೆ ಏಳೂವರೆಗೆ ವಾಪಸ್. ಗೇಟಿನ ಸದ್ದು ಕೇಳಲು ಮನೆಯಲ್ಲಿ ಇರುತ್ತಲೇ ಇರಲಿಲ್ಲ.

ಹದಿನಾಲ್ಕನೇ ತಿಂಗಳಲ್ಲಿ ಚಿಕ್ಕಪ್ಪ ಜಾರಿದರು. ಜೊತೆಗಾರನೊಬ್ಬನ ನಿವೃತ್ತಿಯ ಪಾರ್ಟಿ, ಒಂದೇ ಒಂದು ಪೆಗ್. ಇಲ್ಲಿ ವ್ರತಕ್ಕೂ ಚೇತರಿಕೆಗೂ ಇರುವ ವ್ಯತ್ಯಾಸ ತಿಳಿಯಬೇಕು. ವ್ರತ ಮುರಿದರೆ ಮುರಿಯಿತು. ‘ಮುಳುಗಿದವನಿಗೆ ಚಳಿಯೇನು’ ಎಂದು ಮನಸ್ಸು ಲೆಕ್ಕ ಹಾಕುತ್ತದೆ. ಒಂದು ಪೆಗ್ ಒಂದು ವಾರವಾಗುವುದು, ಒಂದು ವಾರ ಹಳೆಯ ಬದುಕಾಗುವುದು ಆ ಲೆಕ್ಕದಿಂದ. ದೇವರ ಮೇಲೆ, ಮಕ್ಕಳ ತಲೆ ಮೇಲೆ ಆಣೆ ಮಾಡಿಸುವುದನ್ನು ನಾನು ಒಪ್ಪದಿರುವುದು ಇದಕ್ಕೇ. ಜಾರಿದ ದಿನ ಕುಡಿತದ ನಾಚಿಕೆಯ ಜೊತೆ ಪಾಪದ ಭಯವೂ ಸೇರಿ, ಆ ಮನುಷ್ಯ ಮನೆಗೆ ಬರಲಾರ. ಚಿಕ್ಕಪ್ಪ ಮುಂದಿನ ಸೋಮವಾರ ಸಭೆಗೆ ಹೋಗಿ ನಡೆದದ್ದನ್ನು ಹೇಳಿದರು. ಯಾರೂ ಬೈಯಲಿಲ್ಲ. ಒಬ್ಬರು ಕೇಳಿದರಂತೆ: ‘ಕುರ್ಚಿ ಹಾಕಿದಿರಾ?’

ನಮ್ಮಲ್ಲಿ ಸಹಾಯ ಸಿಗುವವರು ಎಷ್ಟು ಕಡಿಮೆ ಎಂದರೆ, ಕೇಂದ್ರ ಸರ್ಕಾರಕ್ಕಾಗಿ ಏಮ್ಸ್ ನಡೆಸಿ 2019ರಲ್ಲಿ ಪ್ರಕಟವಾದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ಮದ್ಯದ ಚಟವಿರುವ 38 ಮಂದಿಯಲ್ಲಿ ಒಬ್ಬರಿಗೆ ಮಾತ್ರ ಯಾವುದೋ ಒಂದು ಬಗೆಯ ಚಿಕಿತ್ಸೆ ಸಿಕ್ಕಿತ್ತು. ದೊಡ್ಡ ಆಸ್ಪತ್ರೆಯೇ ಬೇಕೆಂದಿಲ್ಲ. ಪಕ್ಕದ ಗೋವಾದಲ್ಲಿ, ಇನ್ನೂ ಚಟದ ತುದಿ ಮುಟ್ಟದ, ಆದರೆ ಹಾನಿಯಾಗುವಷ್ಟು ಕುಡಿಯುವ ಗಂಡಸರಿಗೆ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಹೆಚ್ಚೆಂದರೆ ನಾಲ್ಕು ಸಲ ಕೂರಿಸಿ ಮಾತಾಡಿಸಿದರು. ಮಾತಾಡಿಸಿದ್ದು ವೈದ್ಯರಲ್ಲ, ತರಬೇತಿ ಪಡೆದ ಸ್ಥಳೀಯರು. ಮೂರು ತಿಂಗಳ ನಂತರ ಹಾಗೆ ಮಾತಾಡಿಸಿಕೊಂಡವರಲ್ಲಿ ಶೇಕಡಾ 36 ಮಂದಿ ಚೇತರಿಸಿಕೊಂಡಿದ್ದರು. ಹಾಗೆ ಮಾತಾಡಿಸದೆ ಬಿಟ್ಟ ಇನ್ನೊಂದು ಗುಂಪಿನಲ್ಲಿ ಶೇಕಡಾ 26. 2017ರಲ್ಲಿ ಪ್ರಕಟವಾದ ಈ ಫಲಿತಾಂಶ ಪವಾಡವೇನಲ್ಲ. ಪವಾಡವಲ್ಲ ಎಂಬ ಕಾರಣಕ್ಕೇ ನಾನು ಇದನ್ನು ನಂಬುತ್ತೇನೆ. ಫೋನ್ ಮಾಡುವುದಾದರೆ ಕಂಬದ ಮೇಲಿನ ನಂಬರಿಗಲ್ಲ. ವ್ಯಸನದ ಸಹಾಯವಾಣಿ 14446, ಮನಸ್ಸಿನ ಯಾವ ಸಂಕಟಕ್ಕೂ ಟೆಲಿ ಮಾನಸ್ 14416. ಇನ್ನು ‘ವ್ಯಸನಮುಕ್ತಿ ಕೇಂದ್ರ’ ಎಂಬ ಬೋರ್ಡು ಹಾಕಿ ಕಟ್ಟಿಹಾಕಿ ಹೊಡೆಯುವ ಜಾಗಗಳೂ ಇವೆ. 2017ರ ಮಾನಸಿಕ ಆರೋಗ್ಯ ಕಾಯ್ದೆ ಚಟವನ್ನೂ ಕಾಯಿಲೆಯೆಂದು ಗುರುತಿಸುತ್ತದೆ, ಸರಪಳಿ ಹಾಕುವುದನ್ನು ನಿಷೇಧಿಸುತ್ತದೆ. ಸೇರಿಸುವ ಮುನ್ನ ಒಳಗೆ ಹೋಗಿ ನೋಡಲು ಬಿಡುತ್ತಾರೆಯೇ ಎಂದು ಕೇಳಿ. ಬಿಡದಿದ್ದರೆ ವಾಪಸ್ ಬನ್ನಿ.

ಚಿಕ್ಕಪ್ಪ ಬಿಟ್ಟ ಏಳನೇ ವರ್ಷ ಮಗಳ ಮದುವೆ. ಅವರಿಗೆ ಭಯವಿದ್ದದ್ದು ಮುಹೂರ್ತದ್ದಲ್ಲ, ಹಿಂದಿನ ರಾತ್ರಿಯ ಆರತಕ್ಷತೆಯದ್ದು. ಛತ್ರದ ಹಿಂದೆ ಕಾರಿನ ಡಿಕ್ಕಿ ತೆರೆದುಕೊಂಡು ಬೀಗರ ಕಡೆಯವರು ‘ಇವತ್ತು ಒಂದು ದಿನ ಬನ್ನಿ ಮಾವ’ ಎಂದು ಕೈ ಹಿಡಿದು ಎಳೆಯುವ ಹೊತ್ತು. ಸರಿಯಾಗಿ ಆರೂವರೆಗೆ ನಾಲ್ವರು ಗಂಡಸರು ಬಂದರು. ಇಸ್ತ್ರಿ ಮಾಡಿದ ಬಿಳಿ ಅಂಗಿ, ನೆಂಟರಲ್ಲಿ ಯಾರಿಗೂ ಗುರುತಿಲ್ಲ. ಊಟವಾದ ಮೇಲೂ ಹೋಗಲಿಲ್ಲ. ಇಬ್ಬರು ಚಿಕ್ಕಪ್ಪನ ಆಚೆ ಈಚೆ ಕೂತರು, ಇಬ್ಬರು ಹಿಂದಿನ ಬಾಗಿಲ ಬಳಿ ನಿಂತು ಎಲೆ ಅಡಿಕೆ ಹಾಕಿಕೊಂಡರು. ಬೀಗರಲ್ಲೊಬ್ಬರು ನನ್ನನ್ನು ಕೇಳಿದರು, ‘ಅವರು ಯಾರ ಕಡೆಯವರಮ್ಮ?’ ನಾನು ಚಿಕ್ಕಮ್ಮನ ಮುಖ ನೋಡಿದೆ. ಚಿಕ್ಕಮ್ಮ ಅಕ್ಷತೆಯ ತಟ್ಟೆಯಿಂದ ತಲೆಯೆತ್ತದೆ ಹೇಳಿದರು, ‘ಸೋಮವಾರದವರು.’

ಮಾರನೆಯ ದಿನ ಧಾರೆ ಮುಗಿದು, ಛತ್ರ ಖಾಲಿಯಾಗಿ, ಸಾಮಾನೆಲ್ಲ ವ್ಯಾನಿಗೆ ತುಂಬಿ ಬಂದು ನೋಡಿದರೆ, ನಾಲ್ಕೂ ಜನ ಚಿಕ್ಕಪ್ಪನ ಜೊತೆ ಸೇರಿ ಕುರ್ಚಿ ಮಡಚಿ ಗೋಡೆಗೆ ಒರಗಿಸುತ್ತಿದ್ದರು. ಛತ್ರದ ಹುಡುಗರು ‘ಬಿಡಿ ಸಾರ್, ನಾವು ಮಾಡ್ತೀವಿ’ ಎನ್ನುತ್ತಿದ್ದರು. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ.